ರಿಪೋರ್ಟ್ ನಾರ್ಮಲ್, ನೋವು ಮಾತ್ರ ನಿಜ

ಭಾಗ 1/8: ಆ ಫೋಟೋ ಬಗ್ಗೆ

ಕಳೆದ ವಾರ ನಾನು ಕೊನೇ ಬೆಂಚಲ್ಲಿ ಮಲಗಿರೋ ಫೋಟೋ ಕ್ಲಾಸ್ ಗ್ರೂಪಲ್ಲಿ ಓಡಾಡ್ತಲ್ಲ, ಅದರ ಕೆಳಗೆ ನಗುವ ಎಮೋಜಿ ಹಾಕಿದವರಿಗೆಲ್ಲ ಈ ಸರಣಿ. ಜಗಳ ಆಡೋಕೆ ಬಂದಿಲ್ಲ, ಪ್ರಾಮಿಸ್. ಆದರೆ ಒಂದು ವಿಷಯ ಹೇಳಬೇಕು. ನಾನು ನಿದ್ದೆ ಮಾಡ್ತಾ ಇರಲಿಲ್ಲ.

ಎರಡು ಪೀರಿಯಡ್ ಸತತವಾಗಿ ಕೂತರೆ ನನ್ನ ಸೊಂಟದಿಂದ ಎಡಗಾಲಿನ ತನಕ ಒಂದು ಸೆಳೆತ ಶುರುವಾಗುತ್ತೆ. ಸೆಕೆಂಡ್ ಪಿಯುಸಿಯಲ್ಲಿ ಶುರುವಾಗಿದ್ದು, ಈಗ ಮೂರನೇ ವರ್ಷ. ಎಕ್ಸ್‌ರೇ ಆಯ್ತು, ಸ್ಕ್ಯಾನ್ ಆಯ್ತು, ರಕ್ತ ಪರೀಕ್ಷೆ ಆಯ್ತು. ಎಲ್ಲದರಲ್ಲೂ ಒಂದೇ ಪದ: ನಾರ್ಮಲ್. ಆ ಪದ ಕೇಳಿ ಮನೆಯವರಿಗೆಲ್ಲ ಖುಷಿ. ನಾನು ಮಾತ್ರ ಆಸ್ಪತ್ರೆಯ ಪಾರ್ಕಿಂಗಲ್ಲಿ ಕೂತು ಅತ್ತೆ. ಏನೂ ಇಲ್ಲ ಅಂದಮೇಲೆ ನನಗೆ ಆಗ್ತಿರೋದು ಏನು?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಅಥವಾ ಮತ್ತೆ ಮತ್ತೆ ಬರುವ ನೋವಿಗೆ ವೈದ್ಯರು ದೀರ್ಘಕಾಲದ ನೋವು ಅಂತಾರೆ. ನೋವಿಗಿಂತ ನನ್ನನ್ನು ಕುಗ್ಗಿಸಿದ್ದು ಅದರ ಸುತ್ತ ಹುಟ್ಟಿಕೊಂಡ ಅನುಮಾನ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ?" "ಎಕ್ಸಾಂ ಟೈಮಲ್ಲೇ ಯಾಕೆ ಜಾಸ್ತಿ ಆಗುತ್ತೆ?" ಕೊನೆಗೆ ನನಗೇ ನನ್ನ ಮೇಲೆ ಅನುಮಾನ ಬಂತು. ನಾನೇ ಸುಮ್ಮನೆ ಕಲ್ಪಿಸಿಕೊಳ್ತಾ ಇದ್ದೀನಾ?

ಹಿಸ್ಟರಿ ಓದೋಳು ನಾನು. ಉತ್ತರ ಸಿಗದಿದ್ದಾಗ ಹಿಂದಕ್ಕೆ ಹೋಗೋದು ಅಭ್ಯಾಸ. ಈ ಅನುಮಾನ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಅದು ನಮ್ಮ ಕ್ಲಾಸಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ಮುನ್ನೂರೈವತ್ತು ವರ್ಷಗಳ ಇತಿಹಾಸ ಇದೆ. ಬನ್ನಿ, ಒಟ್ಟಿಗೆ ನೋಡೋಣ.

ಭಾಗ 2/8: ದಾರ ಮತ್ತು ಗಂಟೆ

"ನಾನು ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ" ಅಂದವರು ಯಾರು ಅಂದ್ರೆ ನೀವೆಲ್ಲ ಹೇಳ್ತೀರಿ, ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್. ಅವರು ಮನುಷ್ಯನ ದೇಹದ ಬಗ್ಗೆ ಬರೆದ ಪುಸ್ತಕ ಬೆಳಕು ಕಂಡಿದ್ದು ಅವರು ತೀರಿಕೊಂಡ ಮೇಲೆ. ಲ್ಯಾಟಿನ್‌ನಲ್ಲಿ 1662ರಲ್ಲಿ, ಫ್ರೆಂಚ್‌ನಲ್ಲಿ 1664ರಲ್ಲಿ. ಅದರಲ್ಲೊಂದು ಚಿತ್ರ ಇದೆ. ಒಬ್ಬ ಹುಡುಗನ ಕಾಲಿನ ಹತ್ತಿರ ಬೆಂಕಿ. ಕಾಲಿನಿಂದ ತಲೆಯವರೆಗೆ ಒಂದು ಸಣ್ಣ ದಾರ. ಬೆಂಕಿ ಚರ್ಮವನ್ನು ತಾಗಿದ ಕೂಡಲೇ ಆ ದಾರ ಎಳೆದ ಹಾಗಾಗುತ್ತೆ, ಅದರಿಂದ ಮೆದುಳಿನಲ್ಲಿ ಒಂದು ರಂಧ್ರ ತೆರೆಯುತ್ತೆ. ಹಗ್ಗದ ಒಂದು ತುದಿ ಎಳೆದರೆ ಇನ್ನೊಂದು ತುದಿಯ ಗಂಟೆ ಬಾರಿಸುತ್ತಲ್ಲ, ಹಾಗೆ ಅಂತ ಅವರ ವಿವರಣೆ.

ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ. ನೋವನ್ನು ಪಾಪದ ಶಿಕ್ಷೆ ಅಂತ ನೋಡ್ತಿದ್ದ ಯುರೋಪಿನಲ್ಲಿ ಇವರು ದೇಹದೊಳಗಿನ ದಾರಿಯನ್ನು ತೋರಿಸಿದರು. ಸರಿ, ತಪ್ಪೇನಿದೆ ಇದರಲ್ಲಿ?

ತಪ್ಪು ಇರೋದು ನಾವು ಅದರಿಂದ ಕಲಿತ ಲೆಕ್ಕದಲ್ಲಿ. ಹೆಚ್ಚು ಎಳೆದರೆ ಹೆಚ್ಚು ಸದ್ದು, ಅಂದ್ರೆ ಹೆಚ್ಚು ಗಾಯಕ್ಕೆ ಹೆಚ್ಚು ನೋವು. ಯಾರೂ ಎಳೆಯದೇ ಇದ್ದರೆ ಸದ್ದೇ ಇಲ್ಲ, ಅಂದ್ರೆ ಗಾಯ ಇಲ್ಲದಿದ್ದರೆ ನೋವೂ ಇಲ್ಲ. ಹಾಗಾದ್ರೆ ಗಾಯ ಇಲ್ಲದೆ ನೋವು ಅನ್ನೋರು? ಒಂದೋ ಸುಳ್ಳು ಹೇಳ್ತಿದ್ದಾರೆ, ಇಲ್ಲಾ ತಲೆ ಕೆಟ್ಟಿದೆ.

ತಮಾಷೆ ಏನು ಗೊತ್ತಾ? ಈ ಲೆಕ್ಕಕ್ಕೆ ಸಿಗದ ಜನ ಇದ್ದಾರೆ ಅಂತ ಡೆಕಾರ್ಟ್‌ಗೂ ಗೊತ್ತಿತ್ತು. ಕೈಯೋ ಕಾಲೋ ಕತ್ತರಿಸಿದವರಿಗೆ ಇಲ್ಲದ ಆ ಭಾಗದಲ್ಲೇ ನೋವು ಬರುತ್ತೆ ಅಂತ 1641ರ ತಮ್ಮ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ಅವರಿಗಿಂತ ನೂರು ವರ್ಷ ಮೊದಲೇ ಫ್ರೆಂಚ್ ಸೇನೆಯ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಇಂಥವರನ್ನು ನೋಡಿದ್ದರು. ಪುರಾವೆ ಮೊದಲಿಂದ ಕಣ್ಣೆದುರೇ ಇತ್ತು. ಆದರೆ ಜಗತ್ತಿನ ನೆನಪಿನಲ್ಲಿ ಉಳಿದಿದ್ದು ದಾರ ಮತ್ತು ಗಂಟೆ ಮಾತ್ರ.

ಭಾಗ 3/8: ಒಬ್ಬ ಡಾಕ್ಟರು, ಎರಡು ನ್ಯಾಯ

ಈಗ ಅಮೆರಿಕಕ್ಕೆ ಬನ್ನಿ. 1861ರಿಂದ 1865ರವರೆಗಿನ ಅಂತರ್ಯುದ್ಧ. ಫಿಲಡೆಲ್ಫಿಯಾದಲ್ಲಿ ನರಕ್ಕೆ ಗುಂಡು ತಗುಲಿದ ಸೈನಿಕರಿಗೆಂದೇ ಒಂದು ಆಸ್ಪತ್ರೆ. ಅಲ್ಲಿನ ವೈದ್ಯ ಸೈಲಸ್ ವಿಯರ್ ಮಿಚೆಲ್ ಒಂದು ವಿಚಿತ್ರ ನೋಡಿದರು. ಗಾಯ ಒಣಗಿದೆ, ಚರ್ಮ ಕೂಡಿದೆ, ಆದರೆ ಸೈನಿಕ ಬೆಂಕಿ ಹತ್ತಿದ ಹಾಗೆ ಉರಿ ಅಂತ ಒದ್ದಾಡ್ತಾನೆ. ಬಟ್ಟೆ ಒದ್ದೆ ಮಾಡಿ ಸುತ್ತಿಕೊಳ್ತಾನೆ, ಬೂಟಿನೊಳಗೇ ನೀರು ಸುರಿದುಕೊಳ್ತಾನೆ. ಪಕ್ಕದವನು ಪೇಪರ್ ಮಡಚಿದ ಸದ್ದೂ ಅವನಿಗೆ ತಡೆಯೋಕಾಗಲ್ಲ. ಇದಕ್ಕೆ ಮಿಚೆಲ್ ಉರಿ ಮತ್ತು ನೋವು ಅನ್ನೋ ಎರಡು ಗ್ರೀಕ್ ಪದ ಸೇರಿಸಿ ಕಾಸಾಲ್ಜಿಯಾ ಅಂತ ಹೆಸರಿಟ್ಟರು. ಇಲ್ಲದ ಕಾಲಿನ ನೋವಿಗೆ ಫ್ಯಾಂಟಮ್ ಲಿಂಬ್ ಅನ್ನೋ ಹೆಸರು ಕೊಟ್ಟವರೂ ಅವರೇ.

ಇನ್ನೊಂದನ್ನೂ ಅವರು ಗಮನಿಸಿದರು. ಸದಾ ನೋವಿನಲ್ಲಿದ್ದರೆ ಶಾಂತ ಸ್ವಭಾವದವನೂ ಸಿಡುಕನಾಗ್ತಾನೆ, ಧೈರ್ಯವಂತನೂ ಹೆದರುಪುಕ್ಕಲನಾಗ್ತಾನೆ. ಅಂದ್ರೆ ಮನಸ್ಸು ಕೆಟ್ಟಿದ್ದರಿಂದ ನೋವು ಬಂದಿದ್ದಲ್ಲ, ನೋವು ಉಳಿದಿದ್ದರಿಂದ ಮನಸ್ಸು ಬದಲಾಯ್ತು. ಇದನ್ನು ಓದಿದಾಗ ನನಗೆ ಯಾರೋ ಬೆನ್ನು ಸವರಿದ ಹಾಗಾಯ್ತು.

ಆದರೆ ತಡೀರಿ. ಇದೇ ಮಿಚೆಲ್ ಮುಂದೆ ದಣಿವು, ದುಃಖ, ಮೈಕೈ ನೋವು ಅಂತ ಬಂದ ಹೆಂಗಸರಿಗೆ ವಿಶ್ರಾಂತಿ ಚಿಕಿತ್ಸೆ ಅನ್ನೋದನ್ನು ಕೊಟ್ಟರು. ವಾರಗಟ್ಟಲೆ ಹಾಸಿಗೆ, ಹೊಟ್ಟೆ ತುಂಬ ಹಾಲು, ಓದೋ ಹಾಗಿಲ್ಲ, ಬರೆಯೋ ಹಾಗಿಲ್ಲ. 1887ರಲ್ಲಿ ಲೇಖಕಿ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಹೆರಿಗೆಯ ನಂತರದ ಖಿನ್ನತೆಯಿಂದ ಅವರ ಬಳಿ ಹೋದರು. ಇನ್ನು ಪೆನ್ನು ಮುಟ್ಟಬೇಡ ಅಂತ ಸಲಹೆ ಸಿಕ್ಕಿತು. ಪಾಲಿಸಿದರು, ಹುಚ್ಚು ಹಿಡಿಯುವ ಅಂಚಿಗೆ ಹೋದರು. ಕೊನೆಗೆ ಸಲಹೆಯನ್ನು ಬದಿಗಿಟ್ಟು ಮತ್ತೆ ಬರೆಯೋಕೆ ಕೂತರು. ಆ ಅನುಭವವೇ 1892ರ "ದಿ ಯೆಲ್ಲೋ ವಾಲ್‌ಪೇಪರ್" ಕಥೆಯಾಯ್ತು. ಬಳಲಿದ ಗಂಡಸರಿಗೆ ಮಿಚೆಲ್ ಏನು ಹೇಳಿದರು ಅಂತೀರಾ? 1885ರಲ್ಲಿ ಓವನ್ ವಿಸ್ಟರ್ ಎಂಬ ಯುವಕನಿಗೆ ಪಶ್ಚಿಮದ ಬಯಲಿಗೆ ಹೋಗು ಅಂದರು. ಅವನು ಮುಂದೆ ಕೌಬಾಯ್ ಕಾದಂಬರಿ ಬರೆದು ಹೆಸರಾದ.

ಸೈನಿಕನ ಮಾತು ನಂಬಿದ ಕಿವಿಗೆ ಹೆಂಗಸಿನ ಮಾತು ಪೂರ್ತಿ ಕೇಳಿಸಲಿಲ್ಲ. "ಹೆಣ್ಮಕ್ಕಳಿಗೆ ಸೊಂಟನೋವೆಲ್ಲ ಇದ್ದದ್ದೇ" ಅಂತ ನಮ್ಮನೇಲಿ ಹೇಳಿದಾಗ ನನಗೆ ಗಿಲ್ಮನ್ ನೆನಪಾಗ್ತಾರೆ.

ಭಾಗ 4/8: ಕಾಣೋದೆಲ್ಲ ನೋವಲ್ಲ

1895ರಲ್ಲಿ ಎಕ್ಸ್‌ರೇ ಬಂತು. ಚರ್ಮ ಕುಯ್ಯದೇ ಮೂಳೆ ನೋಡಬಹುದು! ಎಷ್ಟೋ ಜೀವ ಉಳಿಯಿತು, ಅದರಲ್ಲಿ ಅನುಮಾನವಿಲ್ಲ. ಜೊತೆಗೆ ಒಂದು ಕೆಟ್ಟ ಅಭ್ಯಾಸವೂ ಬಂತು ಅಂತ ನನಗನ್ನಿಸುತ್ತೆ: ಚಿತ್ರದಲ್ಲಿ ಕಂಡರೆ ಮಾತ್ರ ನಿಜ.

ಎರಡನೇ ಮಹಾಯುದ್ಧದ ಒಂದು ದೃಶ್ಯ ಈ ಅಭ್ಯಾಸವನ್ನು ಅಲ್ಲಾಡಿಸಿತು. 1944, ಇಟಲಿಯ ಆನ್ಸಿಯೋ ಕಡಲತೀರ. ಹಾರ್ವರ್ಡ್‌ನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಅಮೆರಿಕದ ಗಾಯಾಳುಗಳ ನಡುವೆ ಕೆಲಸ ಮಾಡ್ತಿದ್ದರು. ತೀವ್ರವಾಗಿ ಗಾಯಗೊಂಡ 200ಕ್ಕೂ ಹೆಚ್ಚು ಸೈನಿಕರನ್ನು ಕೇಳಿದರು: ನೋವು ಎಷ್ಟಿದೆ? ಔಷಧ ಬೇಕಾ? ಮೂಳೆ ಮುರಿದವರು, ಹೊಟ್ಟೆಗೆ ಗುಂಡು ಬಿದ್ದವರು ಅವರು. ಆದರೂ ಸುಮಾರು ಮುಕ್ಕಾಲು ಪಾಲು ಜನ ನೋವಿನ ಔಷಧ ಬೇಡ ಅಂದರು. ಈ ವರದಿ 1946ರಲ್ಲಿ ಪ್ರಕಟವಾಯ್ತು. ಮುಂದೆ ಸಾಮಾನ್ಯ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ರೋಗಿಗಳ ಜೊತೆ ಹೋಲಿಸಿದಾಗ ಲೆಕ್ಕ ಉಲ್ಟಾ. ಗಾಯ ಚಿಕ್ಕದು, ಔಷಧ ಕೇಳೋರು ಹೆಚ್ಚು.

ಬೀಚರ್ ಕೊಟ್ಟ ಕಾರಣ ನೋಡಿ. ಸೈನಿಕನಿಗೆ ಆ ಗಾಯ ಅಂದ್ರೆ ಬದುಕಿದೆ, ಮನೆಗೆ ಹೋಗ್ತೀನಿ. ಊರಿನವನಿಗೆ ಆಪರೇಷನ್ ಅಂದ್ರೆ ಬದುಕು ಬುಡಮೇಲಾಯ್ತು. ಗಾಯದ ಅರ್ಥ ಬದಲಾದರೆ ನೋವಿನ ಅಳತೆಯೂ ಬದಲಾಗುತ್ತೆ.

ಇದಕ್ಕೆ ಜೋಡಿ ಇನ್ನೊಂದು ಕೇಳಿ. 1994ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವೇ ಇಲ್ಲದ 98 ಜನರ ಬೆನ್ನಿನ ಎಂಆರ್‌ಐ ತೆಗೆದರು. ಎಲ್ಲ ಡಿಸ್ಕೂ ನಾರ್ಮಲ್ ಇದ್ದವರು ಶೇ 36 ಮಾತ್ರ! ಉಳಿದವರ ಚಿತ್ರದಲ್ಲಿ ಏನಾದರೊಂದು ಉಬ್ಬು, ಸವೆತ ಇತ್ತು, ಆದರೆ ನೋವು ಇರಲಿಲ್ಲ. ಹಾಗಾದ್ರೆ ಕೆಟ್ಟ ಚಿತ್ರದ ಜೊತೆ ಆರಾಮಾಗಿರೋರು ಇದ್ದಾರೆ ಅಂತಾಯ್ತು. ಒಳ್ಳೆ ಚಿತ್ರದ ಜೊತೆ ನೋವಿರೋರು ಯಾಕಿರಬಾರದು? ನನ್ನ ರಿಪೋರ್ಟ್ ಸುಳ್ಳಲ್ಲ. ಅದಕ್ಕೆ ಎಲ್ಲವೂ ಕಾಣಲ್ಲ, ಅಷ್ಟೆ.

ಭಾಗ 5/8: ಮುಖವಾಡದ ಪೈಲ್ವಾನ

ಈ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ವ್ಯಕ್ತಿ ಇವರು. ಜಾನ್ ಬೊನಿಕಾ. 1917ರಲ್ಲಿ ಸಿಸಿಲಿ ಬಳಿಯ ಫಿಲಿಕುಡಿ ಅನ್ನೋ ಪುಟ್ಟ ದ್ವೀಪದಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಅಮೆರಿಕಕ್ಕೆ ವಲಸೆ ಹೋದವರು. ಮೆಡಿಕಲ್ ಓದೋಕೆ ದುಡ್ಡಿಲ್ಲ. ಏನು ಮಾಡಿದರು ಗೊತ್ತಾ? ಕುಸ್ತಿ! ಹಗಲು ಕಾಲೇಜು, ಬಿಡುವಿದ್ದಾಗ ಅಖಾಡ. ಗುರುತು ಸಿಗಬಾರದು ಅಂತ ಮುಖವಾಡ ಹಾಕಿ "ಮಾಸ್ಕ್ಡ್ ಮಾರ್ವೆಲ್" ಅನ್ನೋ ಹೆಸರಲ್ಲೂ ಆಡ್ತಿದ್ದರು. ಭುಜ, ಸೊಂಟ, ಕಿವಿ ಎಲ್ಲ ಜಜ್ಜಿಹೋಯ್ತು. ಜೀವನಪೂರ್ತಿ ನೋವು, ಮತ್ತೆ ಮತ್ತೆ ಆಪರೇಷನ್.

ಯುದ್ಧಕಾಲದಲ್ಲಿ ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಾದರು. ಅಲ್ಲಿ ಗಾಯ ಮಾಗಿದ ಮೇಲೂ ನೋವು ಬಿಡದ ಸೈನಿಕರು. ಪುಸ್ತಕ ತೆಗೆದು ನೋಡಿದರೆ ನೋವಿನ ಬಗ್ಗೆ ಅಲ್ಲಿ ಏನೂ ಇಲ್ಲದ ಹಾಗೆ. ಎಲ್ಲರಿಗೂ ನೋವು ಬೇರೆ ಯಾವುದೋ ಕಾಯಿಲೆಯ ಲಕ್ಷಣ ಮಾತ್ರ, ಅದೇ ಒಂದು ಸಮಸ್ಯೆ ಅಂತ ಯಾರೂ ಬರೆದಿರಲಿಲ್ಲ. ಆಗ ಬೊನಿಕಾ ಬೇರೆ ಬೇರೆ ವಿಭಾಗದ ವೈದ್ಯರನ್ನು ಒಂದೇ ಮೇಜಿನ ಸುತ್ತ ಕೂರಿಸೋಕೆ ಶುರು ಮಾಡಿದರು. ನರತಜ್ಞರು, ಮೂಳೆ ತಜ್ಞರು, ಮನೋವೈದ್ಯರು. ಒಬ್ಬ ರೋಗಿ, ಎಲ್ಲರೂ ಸೇರಿ ಮಾತು.

1953ರಲ್ಲಿ ಅವರ ದೊಡ್ಡ ಪುಸ್ತಕ "ದಿ ಮ್ಯಾನೇಜ್‌ಮೆಂಟ್ ಆಫ್ ಪೇನ್" ಬಂತು. 1960ರ ದಶಕದ ಆರಂಭಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನೋವಿಗೆಂದೇ ಒಂದು ಕ್ಲಿನಿಕ್. 1973ರಲ್ಲಿ ಇಸಾಕ್ವಾ ಅನ್ನೋ ಊರಲ್ಲಿ ಜಗತ್ತಿನ ನೋವು ಸಂಶೋಧಕರನ್ನೆಲ್ಲ ಸೇರಿಸಿದರು. ಅಲ್ಲಿಂದ ಹುಟ್ಟಿದ್ದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ.

ಇಲ್ಲಿ ಒಂದು ವಿಷಯ ಗಮನಿಸಿ. ಮನೋವೈದ್ಯರನ್ನು ಅವರು ಕರೆದದ್ದು ರೋಗಿ ಸುಳ್ಳು ಹೇಳ್ತಿದ್ದಾನೆ ಅಂತ ಪತ್ತೆ ಹಚ್ಚೋಕಲ್ಲ. ನೋವಿನ ಜೊತೆ ಬದುಕೋ ಮನಸ್ಸಿಗೂ ಆರೈಕೆ ಬೇಕು ಅಂತ. ನನ್ನನ್ನು ಮೊದಲ ಸಲ ಕೌನ್ಸೆಲರ್ ಹತ್ತಿರ ಕಳಿಸಿದಾಗ ನಾನು ಸಿಟ್ಟಾಗಿದ್ದೆ, "ಹಾಗಾದ್ರೆ ನನಗೆ ಹುಚ್ಚು ಅಂತೀರಾ?" ಅಂತ. ಬೊನಿಕಾ ಕಥೆ ಮೊದಲೇ ಗೊತ್ತಿದ್ದಿದ್ದರೆ ಆರು ತಿಂಗಳು ಮುಂಚೆ ಹೋಗ್ತಿದ್ದೆ.

ಭಾಗ 6/8: ಬಾಗಿಲು

ಮಂಚದ ಕಾಲಿಗೆ ಹೆಬ್ಬೆರಳು ತಾಗಿದರೆ ಮೊದಲು ಏನ್ಮಾಡ್ತೀರಿ? ಗಟ್ಟಿಯಾಗಿ ಉಜ್ಜುತ್ತೀರಿ. ಸ್ವಲ್ಪ ಕಡಿಮೆ ಆಗುತ್ತೆ. ಯಾಕೆ?

1965ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಮತ್ತು ಬ್ರಿಟನ್ನಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ "ಸೈನ್ಸ್" ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಅಂತ ಇಟ್ಟುಕೊಳ್ಳಿ. ಕೆಳಗಿನಿಂದ ಬರುವ ನೋವಿನ ಸುದ್ದಿ ಆ ಬಾಗಿಲು ದಾಟಿಯೇ ಮೆದುಳಿಗೆ ಹೋಗಬೇಕು. ಉಜ್ಜಿದಾಗ ಬರುವ ಸ್ಪರ್ಶದ ಸುದ್ದಿ ಬಾಗಿಲನ್ನು ಸ್ವಲ್ಪ ಮುಚ್ಚುತ್ತೆ. ಮುಖ್ಯವಾದದ್ದು ಮುಂದಿದೆ: ಮೆದುಳು ಕೂಡ ಮೇಲಿಂದಲೇ ಬಾಗಿಲನ್ನು ತೆರೆಯಬಹುದು, ಮುಚ್ಚಬಹುದು. ಭಯ, ಗಮನ, ಹಳೆಯ ನೆನಪು, ನಿರೀಕ್ಷೆ, ಎಲ್ಲದರ ಕೈಯೂ ಆ ಚಿಲಕದ ಮೇಲಿದೆ. ಈ ಸಿದ್ಧಾಂತದ ಕೆಲವು ವಿವರಗಳು ಆಮೇಲೆ ತಿದ್ದುಪಡಿ ಆದವು, ಮೂಲ ಮಾತು ಉಳಿಯಿತು. ಡೆಕಾರ್ಟ್‌ನ ದಾರ ಅಲ್ಲಿಗೆ ಕಡಿಯಿತು.

1983ರಲ್ಲಿ ಕ್ಲಿಫರ್ಡ್ ವುಲ್ಫ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪೆಟ್ಟಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಅತಿ ಸೂಕ್ಷ್ಮವಾಗಬಹುದು ಅಂತ ತೋರಿಸಿದರು. ಕಳ್ಳ ಬಂದು ಹೋದ ಮೇಲೆ ಮನೆಯ ಅಲಾರಂ ಬೆಕ್ಕು ಬಂದರೂ ಕೂಗಿಕೊಳ್ಳುತ್ತಲ್ಲ, ಹಾಗೆ. ಕಳ್ಳ ಇಲ್ಲ ನಿಜ. ಆದರೆ ಅಲಾರಂ ಕೂಗುತ್ತಿರೋದೂ ಅಷ್ಟೇ ನಿಜ.

ಮೆಲ್ಜಾಕ್ ಮಾಡಿದ ಇನ್ನೊಂದು ಕೆಲಸ ನನಗೆ ತುಂಬಾ ಹತ್ತಿರ. ರೋಗಿಗಳು ನೋವನ್ನು ಹೇಳೋ ಪದಗಳನ್ನು ಕೂಡಿಹಾಕಿ, 1975ರಲ್ಲಿ 78 ಪದಗಳನ್ನು 20 ಗುಂಪು ಮಾಡಿ ಮೆಕ್‌ಗಿಲ್ ಪ್ರಶ್ನಾವಳಿ ಕೊಟ್ಟರು. ನೋವು ಬರೀ ಹೆಚ್ಚು ಕಡಿಮೆ ಅಲ್ಲ, ಅದಕ್ಕೆ ಬಗೆ ಇದೆ ಅಂತ. ನಮ್ಮ ಕನ್ನಡದಲ್ಲಿ ಎಷ್ಟಿವೆ ನೋಡಿ: ಉರಿ, ಸೆಳೆತ, ಚಳುಕು, ತಿವಿತ, ಸಿಡಿತ, ಜೋಮು, ಉಳುಕು, ಹಿಂಡಿದ ಹಾಗೆ, ಚುಚ್ಚಿದ ಹಾಗೆ. ಡಾಕ್ಟರ್ ಹತ್ತಿರ ಹೋದಾಗ "ಪೇನ್ ಇದೆ" ಅನ್ನೋದರ ಬದಲು ಈ ಪದ ಬಳಸಿ. ಉರಿ ಮತ್ತು ಜೋಮು ಹೇಳೋ ಕಥೆ ಬೇರೆ, ಹಿಂಡಿದ ಹಾಗೆ ಅನ್ನೋದು ಹೇಳೋ ಕಥೆ ಬೇರೆ.

ಭಾಗ 7/8: ನಮ್ಮ ದೇಶದ ವಿಚಿತ್ರ

ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಅನ್ನೋರು ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್. ಸಾವಿನಂಚಿನ ರೋಗಿಗಳ ಮಾತು ಕೇಳಿ ಕೇಳಿ 1960ರ ದಶಕದಲ್ಲಿ ಅವರು "ಒಟ್ಟು ನೋವು" ಅನ್ನೋ ವಿಚಾರ ಮುಂದಿಟ್ಟರು. ದೇಹದ ನೋವು, ಮನಸ್ಸಿನ ನೋವು, ದುಡ್ಡು ಮತ್ತು ಸಂಸಾರದ ಚಿಂತೆ, ಬದುಕಿನ ಅರ್ಥದ ಪ್ರಶ್ನೆ, ನಾಲ್ಕೂ ಬೇರೆ ಬೇರೆ ಅಲ್ಲ, ಒಂದೇ ನೋವು ಅಂದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು.

ಆ ಗಾಳಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ಕರುಣಾಶ್ರಯದ ಹಿಂದಿನ ಟ್ರಸ್ಟ್ ಶುರುವಾಗಿದ್ದು 1994ರಲ್ಲಿ. ಕೇರಳದಲ್ಲಿ ಡಾ. ಎಂ. ಆರ್. ರಾಜಗೋಪಾಲ್ 2003ರಲ್ಲಿ ಪ್ಯಾಲಿಯಂ ಇಂಡಿಯಾ ಕಟ್ಟಿದರು. ಅವರು ಹೋರಾಡಿದ್ದು ಒಂದು ವಿಚಿತ್ರದ ವಿರುದ್ಧ. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ ನಮ್ಮದು. ಅದರಿಂದಲೇ ಮಾರ್ಫಿನ್ ಆಗೋದು. ಆದರೆ 1985ರ ಮಾದಕವಸ್ತು ಕಾಯ್ದೆಯ ನಂತರ ಹಲವು ಕಚೇರಿಗಳ ಹಲವು ಪರವಾನಗಿ, ತಪ್ಪಿದರೆ ಜೈಲಿನ ಭಯ. ಔಷಧದಂಗಡಿ, ಆಸ್ಪತ್ರೆಗಳೇ ಮಾರ್ಫಿನ್ ಇಡೋದು ಬಿಟ್ಟವು. ಕ್ಯಾನ್ಸರ್ ರೋಗಿಗಳು ಔಷಧ ಇಲ್ಲದೆ ನರಳಿದರು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ದಾರಿ ಸ್ವಲ್ಪ ಸಲೀಸು ಮಾಡಿತು.

ಹಾಗಂತ ಮಾತ್ರೆಯೇ ಉತ್ತರ ಅಂದ್ಕೋಬೇಡಿ. ಅಮೆರಿಕದಲ್ಲಿ ಉಲ್ಟಾ ತಪ್ಪಾಯ್ತು. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್‌ನಂಥ ಅಫೀಮು ವರ್ಗದ ಮಾತ್ರೆಗಳನ್ನು ಸಾಮಾನ್ಯ ಬೆನ್ನುನೋವಿಗೂ ಧಾರಾಳವಾಗಿ ಬರೆದರು. ಲಕ್ಷಾಂತರ ಜನ ಚಟಕ್ಕೆ ಬಿದ್ದರು, ಎಷ್ಟೋ ಜನ ಪ್ರಾಣ ಕಳಕೊಂಡರು. ಒಂದು ಕಡೆ ನೋವನ್ನು ಕೇಳಿಸಿಕೊಳ್ಳಲೇ ಇಲ್ಲ, ಇನ್ನೊಂದು ಕಡೆ ಕೇಳಿಸಿಕೊಳ್ಳೋ ಬದಲು ಮಾತ್ರೆ ಕೊಟ್ಟು ಕಳಿಸಿದರು. ಎರಡೂ ಕಡೆ ರೋಗಿಯ ಜೊತೆ ಕೂತು ಮಾತಾಡೋಕೆ ಯಾರಿಗೂ ಟೈಮಿರಲಿಲ್ಲ.

ಭಾಗ 8/8: ಈಗ ನಾವು

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿಗೆ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಅದರಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಜಾಗ ಇದೆ. ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ನೋವೂ ಒಂದು ಕಾಯಿಲೆಯೇ ಅಂತ ಅಲ್ಲಿ ಒಪ್ಪಿದ್ದಾರೆ. 2020ರಲ್ಲಿ ಬೊನಿಕಾ ಕಟ್ಟಿದ ಸಂಘ ನೋವಿನ ವ್ಯಾಖ್ಯಾನವನ್ನು ತಿದ್ದಿ, ಜೊತೆಗೆ ಒಂದು ಟಿಪ್ಪಣಿ ಸೇರಿಸಿತು. ಒಬ್ಬರು ನನಗೆ ನೋವಿದೆ ಅಂದಾಗ ಆ ಮಾತನ್ನು ಗೌರವಿಸಬೇಕು ಅನ್ನೋದು ಅದರ ಸಾರಾಂಶ. ಡೆಕಾರ್ಟ್‌ನ ಪುಸ್ತಕದಿಂದ ಈ ಒಂದು ಸಾಲಿಗೆ ಬರೋಕೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ನನ್ನ ನೋವು ಹೋಗಿಲ್ಲ. ಫಿಸಿಯೋಥೆರಪಿ ನಡೀತಿದೆ, ಕೌನ್ಸೆಲಿಂಗ್ ನಡೀತಿದೆ. ಚೆನ್ನಾಗಿರೋ ದಿನ ಎಲ್ಲ ಕೆಲಸ ಒಟ್ಟಿಗೆ ಮಾಡಿ ಮೂರು ದಿನ ಹಾಸಿಗೆ ಹಿಡಿಯೋದನ್ನು ಬಿಟ್ಟಿದ್ದೀನಿ. ದಿನಾ ಸ್ವಲ್ಪ ಸ್ವಲ್ಪ ನಡೀತೀನಿ. ಇಪ್ಪತ್ತು ನಿಮಿಷ ಕೂತರೆ ಎರಡು ನಿಮಿಷ ಏಳ್ತೀನಿ. ಕ್ಲಾಸಲ್ಲಿ ಹಿಂದೆ ಹೋಗಿ ನಿಂತರೆ ಅದಕ್ಕೇ. ಬೆಂಚಲ್ಲಿ ಮಲಗಿದರೆ ಅವತ್ತು ನಿಲ್ಲೋಕೂ ಆಗ್ತಿಲ್ಲ ಅಂತ ಅರ್ಥ.

ದೀರ್ಘಕಾಲದ ನೋವು ಇರೋರಲ್ಲಿ ಖಿನ್ನತೆ, ಆತಂಕ ಹೆಚ್ಚು. ಖಿನ್ನತೆ ನೋವನ್ನೂ ಹೆಚ್ಚಿಸುತ್ತೆ. ಎರಡೂ ಒಂದಕ್ಕೊಂದು ಎಣ್ಣೆ ಸುರಿಯೋ ಸಂಬಂಧ. ಕಳೆದ ವರ್ಷ ಒಂದು ರಾತ್ರಿ ನನಗೂ ಇದೆಲ್ಲ ಮುಗಿದುಹೋಗಲಿ ಅನ್ನಿಸಿತ್ತು. ಆ ಮಾತನ್ನು ಅಕ್ಕನಿಗೆ ಹೇಳಿದ್ದರಿಂದ ಇವತ್ತು ಇದನ್ನು ಬರೀತಿದ್ದೀನಿ. ನಿಮಗೆ ಹಾಗನ್ನಿಸಿದರೆ ಹೇಳೋಕೆ ಯಾರೂ ಸಿಗದಿದ್ದರೂ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಅದು. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಮತ್ತೆ ನಿಮ್ಮ ಫ್ರೆಂಡ್ ಯಾರಾದರೂ ನೋವು ಅಂದರೆ ಯೋಗ ಮಾಡು, ನೀರು ಕುಡಿ, ಮೊಬೈಲ್ ಕಡಿಮೆ ಮಾಡು ಅಂತ ಶುರು ಮಾಡಬೇಡಿ. "ಇವತ್ತು ಹೇಗಿದೆ?" ಅಂತ ಕೇಳಿ. ಅವರು ಹೇಳಿದ್ದನ್ನು ನಂಬಿ. ನೋಟ್ಸ್ ಕಳಿಸಿ. ಸಾಕು.

ಫೋಟೋ ಡಿಲೀಟ್ ಮಾಡಬೇಕಿಲ್ಲ. ಇಷ್ಟು ಓದಿದ ಮೇಲೆ ಇನ್ನೊಂದು ಸಲ ನೋಡಿ. ಆಮೇಲೆ ಕಾಮೆಂಟಲ್ಲಿ ಒಂದು ವಿಷಯ ಬರೀರಿ: ನಿಮ್ಮೂರಲ್ಲಿ, ನಿಮ್ಮಜ್ಜಿ ಬಾಯಲ್ಲಿ ನೋವಿಗೆ ಯಾವ್ಯಾವ ಪದ ಇದೆ? ಕಲಬುರಗಿಯಿಂದ ಕುಂದಾಪುರದ ತನಕ ಎಲ್ಲರೂ ಹೇಳಿ. ಎಲ್ಲ ಸೇರಿಸಿ ನಮ್ಮದೇ ಒಂದು ಪಟ್ಟಿ ಮಾಡ್ತೀನಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅದನ್ನು ಜೇಬಲ್ಲಿ ಇಟ್ಟುಕೊಂಡು ಹೋಗ್ತೀನಿ.

#ನೋವಿನಇತಿಹಾಸ #ಕಾಣದನೋವು #ಮನಸ್ಸಿನಆರೋಗ್ಯ #ಕನ್ನಡದಲ್ಲಿಇತಿಹಾಸ